ತೋಟಾದ ಬೆಲ್ಟು

ಮತ್ರಾ, 14 ಅಕ್ಟೋಬರ್ 2025, ಮಂಗಳವಾರ

ಮೂವತ್ತು ವರ್ಷದ ಗಿರಾಕಿ ಸಾಲಿಂ ಮುದುಕನನ್ನು ಇವತ್ತು ಬೈದು ಕಳಿಸಿದೆ. ಗುರುವಾರ ಅವನ ಮೊಮ್ಮಗನ ಮದುವೆ. ಇಲ್ಲಿನ ಪದ್ಧತಿಯಂತೆ ತನ್ನ ಅಜ್ಜನ ಕಾಲದ ಕೋವಿ ಹಿಡಿದು ಕುಣಿಯುವಾಗ ಕಟ್ಟಿಕೊಳ್ಳಲು ತೋಟಾದ ಬೆಲ್ಟು ಹೇಳಿದ್ದ. ಹೊಲಿದೂ ಆಗಿತ್ತು. ಬೆಳಿಗ್ಗೆ ಕಫೀಲ್, ನನ್ನ ವೀಸಾಕ್ಕೆ ಹೊಣೆಯಾದ ಅರಬ್ಬಿ ಧಣಿ, ಬಂದು, "ನಿಯಮ ಬದಲಾಗಿದೆ ಸಂಕಪ್ಪ. ಕೋವಿಯ ಲೈಸೆನ್ಸ್ ತೋರಿಸದವರಿಗೆ ತೋಟಾದ ಬೆಲ್ಟೂ ಇಲ್ಲ, ಖಲಾಸ್" ಎಂದ.

ಸಾಲಿಂ ಬಂದಾಗ ಲೈಸೆನ್ಸ್ ಕೇಳಿದೆ. "ಅಜ್ಜ ಕೋವಿ ಕೊಟ್ಟ, ಕಾಗದ ಕೊಡಲಿಲ್ಲ" ಎಂದು ನಕ್ಕ. ನನಗೆ ತಡೆಯಲಾಗಲಿಲ್ಲ. "ಹಲ್ಲು ಕಿರಿಯಬೇಡ, ಹೋಗುವುದು ನನ್ನ ವೀಸಾ, ನಡಿ ಆಚೆ" ಎಂದೆ. ನಾನು ಕೊಟ್ಟಿದ್ದ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಹೆಂಡತಿ ಲೋಲಾಕ್ಷಿಗೆ ಹೇಳಿದರೆ, "ಎಂಥ ಬಾಯಿ ಮಾರಾಯ್ರೆ ನಿಮ್ಮದು! ತೋಟಾ ಸಿಕ್ಕಿಸುವ ಪಟ್ಟಿ ಬಿಚ್ಚಿದ್ರೆ ಅದು ಬರೀ ಬೆಲ್ಟಲ್ವಾ?" ಎಂದಳು.

ಹೌದು. ಇಷ್ಟು ವರ್ಷ ಹೊಲಿದವನಿಗೆ ಅದು ಹೊಳೆಯಲಿಲ್ಲ.

ಊಟ ಮಾಡಿ ಬಿಚ್ಚಲು ಕೂತೆ. ನಾನೇ ಬಿಗಿದ ಹೊಲಿಗೆ, ಸುಲಭಕ್ಕೆ ಬಿಡುವುದಿಲ್ಲ. ಕಣ್ಣು ಉರಿಯುತ್ತಿದೆ. ದಾರ ಹೋದರೂ ಚರ್ಮದಲ್ಲಿ ತೂತು ಉಳಿದಿದೆ, ಅದರಲ್ಲೇ ಬೆಳ್ಳಿ ದಾರ ಎಳೆಯಬೇಕು. ನಾಳೆ ನಾನೇ ಅವನ ಮನೆಗೆ ಒಯ್ಯುತ್ತೇನೆ. ಅವನು ಕೂರಿಸಿ ಕಾಫಿ ಕೊಟ್ಟರೆ ಸರಿ. ಬಾಗಿಲಲ್ಲೇ ಬೆಲ್ಟು ತೆಗೆದುಕೊಂಡು ಕಳಿಸಿದರೆ...