ರಘುರಾಮರ ಮಳೆ, ನಮ್ಮ ಬಾವಿ

ಮೈಲಾಪೂರ್
18 ನವೆಂಬರ್ 2004

ಮುದ್ದಿನ ವಂದನಾ,

ನಿನಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಅಪ್ಪ ಯಾಕೆ ಫೋನಿಗೆ ಬರುತ್ತಿಲ್ಲ, ಮೈಗೆ ಹುಷಾರಿಲ್ಲವಾ ಎಂದು ಕೇಳಿದ್ದೆ. ಮೈ ಚೆನ್ನಾಗಿಯೇ ಇದೆ, ಮರ್ಯಾದೆಗೆ ಸ್ವಲ್ಪ ಪೆಟ್ಟಾಗಿದೆ. ಫೋನಿನಲ್ಲಿ ಹೇಳಿದರೆ ಅವರಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಊರಿಗೆ ಊರೇ ಒಣಗಿದಾಗ, ಪ್ರತಿ ಮನೆಯೂ ಮಳೆನೀರನ್ನು ನೆಲಕ್ಕೆ ಇಂಗಿಸಲೇಬೇಕು, ಇಲ್ಲದಿದ್ದರೆ ನೀರಿನ ಸಂಪರ್ಕ ಕತ್ತರಿಸುತ್ತೇವೆ ಎಂದು ಸರ್ಕಾರ ಆಜ್ಞೆ ಹೊರಡಿಸಿತಲ್ಲ. ನಲ್ಲಿಯಲ್ಲಿ ನೀರೇ ಇಲ್ಲ, ಕತ್ತರಿಸುವುದು ಏನನ್ನು ಎಂದು ನಿಮ್ಮಪ್ಪ ನಕ್ಕರು. ಆದರೂ ನೌಕರಿಯಲ್ಲಿ ಎಷ್ಟೋ ತಪಾಸಣೆ ಕಂಡವರು. ತಾರಸಿಯಿಂದ ಒಂದು ಪೈಪು ಇಳಿಸಿ, ತುದಿಯನ್ನು ಮಣ್ಣಲ್ಲಿ ಹೂತು, ಮೇಲೊಂದು ಸಿಮೆಂಟಿನ ಮುಚ್ಚಳ ಹಾಕಿಸಿದರು. ಕೆಳಗೆ ಗುಂಡಿಯೇ ಇರಲಿಲ್ಲ. ನೋಡಲು ಬಂದವರು ಪೈಪು ಕಂಡು ತೃಪ್ತರಾಗಿ ಹೋದರು.

ಪಕ್ಕದ ಮನೆಯ ರಘುರಾಮರು ಹೇಳಿದ್ದನ್ನು ಹೇಳಿದಂತೆಯೇ ಮಾಡಿದರು. ಆಳವಾದ ಗುಂಡಿ, ಅದರೊಳಗೆ ಇಟ್ಟಿಗೆ ಚೂರು, ಜಲ್ಲಿ, ಮರಳು. ನುಗ್ಗೆಮರದ ಕೊಂಬೆ ಕಡಿದ ಜಗಳದಿಂದ ಅವರಿಗೂ ನಿಮ್ಮಪ್ಪನಿಗೂ ಮಾತಿಲ್ಲವೆಂದು ನಿನಗೇ ಗೊತ್ತು. "ಸುರಂಗ ಕೊರೀತಿದಾನೆ, ಸುರಂಗ" ಎಂದು ಇವರು ಆಡಿಕೊಂಡದ್ದೇ ಆಡಿಕೊಂಡದ್ದು.

ಈ ಸಲ ಮಳೆ ಚೆನ್ನಾಗಿ ಹಿಡಿಯಿತು. ನಮ್ಮ ಬಾವಿ ತುಂಬಿತು, ಅದೂ ಸಿಹಿನೀರು! ರಘುರಾಮರ ಬಾವಿ ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. ನಿಮ್ಮಪ್ಪ ಬೀದಿಯವರಿಗೆಲ್ಲ ತಮ್ಮ ಪೈಪಿನ ಮಹಿಮೆ ಹೇಳಿದರು. ಹೇಳಿ ಹೇಳಿ ಕೊನೆಗೆ ತಾವೇ ನಂಬಿಬಿಟ್ಟರು.

ಅಷ್ಟರಲ್ಲಿ ನುಂಗಂಬಾಕ್ಕಂನ ಒಂದು ಸಂಶೋಧನಾ ಸಂಸ್ಥೆಯಿಂದ ನಿಖಿತಾ ಎಂಬ ಹುಡುಗಿ ಬಂದಳು. ಆ ಆಜ್ಞೆಯಿಂದ ನಿಜಕ್ಕೂ ಉಪಯೋಗವಾಯಿತೇ ಎಂದು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ. "ಕನ್ನಡ ಪುರಿಯುಂ, ಅರ್ಥ ಆಗತ್ತೆ ಆಂಟಿ, ಮಾತಾಡಕ್ಕೆ ಮಾತ್ರ ಕಷ್ಟ" ಎಂದು ತಮಿಳು ಬೆರೆಸಿ ನಕ್ಕಳು. ನಿಮ್ಮಪ್ಪನ ಭಾಷಣವನ್ನೆಲ್ಲ ವಿನಯದಿಂದ ಕೇಳಿ, ತಾರಸಿ ಹತ್ತಿ ಎರಡು ಬಕೆಟ್ ನೀರು ಸುರಿದಳು. ನೀರು ಪೈಪಿನಲ್ಲಿ ಇಳಿದು, ಮುಚ್ಚಳದ ಸಂದಿಯಿಂದ ಬುಗ್ಗೆಯಂತೆ ಎದ್ದು, ನಿಮ್ಮಪ್ಪನ ಚಪ್ಪಲಿ ತೋಯಿಸಿ ಗೇಟು ದಾಟಿತು.

"ಇದು ಟೆಂಪರರಿ" ಎಂದರು ನಿಮ್ಮಪ್ಪ.

ಹಾಗಾದರೆ ಬಾವಿ ತುಂಬಿದ್ದು ಹೇಗೆ? ಹುಡುಗಿ ಸುತ್ತಲೂ ನೋಡಿದಳು, ಗೋಡೆಯಾಚೆ ಇಣುಕಿದಳು. ರಘುರಾಮರ ಗುಂಡಿ ಇರುವುದು ನಮ್ಮ ಕಾಂಪೌಂಡಿಗೆ ಅಂಟಿಕೊಂಡು. ಅವರ ಬಾವಿ ಆ ಕಡೆಯ ಮೂಲೆಯಲ್ಲಿ. ನೆಲದೊಳಗಿನ ಇಳಿಜಾರೂ ನಮ್ಮ ಕಡೆಗೇ ಅಂತೆ. "ಅಂಕಲ್, ಮಳೆ ಅವರದು, ಬಾವಿ ನಿಮ್ಮದು" ಎಂದಳು.

ಗೋಡೆಯಾಚೆ ನಿಂತಿದ್ದ ರಘುರಾಮರಿಗೆ ಅದು ಕೇಳಿಸಿಬಿಟ್ಟಿತು.

"ಅಂದ್ರೆ ನಾನು ಕಷ್ಟಪಟ್ಟು ಇಂಗಿಸಿದ್ದನ್ನ ಈ ಮನುಷ್ಯ ಕುಡೀತಿದಾನಾ? ನಾಳೇನೇ ಗುಂಡಿ ಮುಚ್ಚಿಸ್ತೀನಿ!"

ಆ ದಿನ ನಿಮ್ಮಪ್ಪನಿಗೆ ಸಾರಿನಲ್ಲಿ ಉಪ್ಪಿಲ್ಲದ್ದೂ ತಿಳಿಯಲಿಲ್ಲ. ಮತ್ತೆ ಬಿಂದಿಗೆ ಹಿಡಿದು ನೀರಿನ ಲಾರಿಯ ಹಿಂದೆ ಓಡುವ ಕನಸು ಕಾಣುತ್ತಿದ್ದರೋ ಏನೋ. ಬೆಳಿಗ್ಗೆ ಇಸ್ತ್ರಿ ಶರಟು ತೊಟ್ಟು ಪಕ್ಕದ ಮನೆಗೆ ಹೊರಟರು. ನಾನೂ ಹಿಂದೆಯೇ ಹೋದೆ.

"ಗುಂಡಿ ಮುಚ್ಚಬೇಡಿ" ಎಂದರು, ಬಾಗಿಲಲ್ಲೇ ನಿಂತು.

"ಯಾಕೆ? ನಿಮ್ಮ ಪೈಪಿದೆಯಲ್ಲ" ಎಂದರು ರಘುರಾಮರು.

"ಅದರ ಕೆಳಗೆ ಏನೂ ಇಲ್ಲ."

"ಬೀದಿಗೆಲ್ಲ ಗೊತ್ತು ಬಿಡಿ. ಕೂತ್ಕೊಳ್ಳಿ."

ಈಗ ದಿನವೂ ನಮ್ಮ ಬಾವಿಯಿಂದ ಅವರ ತೊಟ್ಟಿಗೆ ಗೋಡೆಯ ಮೇಲೆ ಹೋಸ್ ಪೈಪು ದಾಟುತ್ತದೆ. ನಮ್ಮಲ್ಲೂ ನಿಜವಾದ ಗುಂಡಿಯಾಗಿದೆ. ಮೊನ್ನೆ ಮೋಡ ಕಟ್ಟಿದಾಗ ನಿಮ್ಮಪ್ಪನನ್ನು ಹುಡುಕಿದರೆ, ಪಂಚೆ ಎತ್ತಿ ಕಟ್ಟಿ ರಘುರಾಮರ ತಾರಸಿಯಲ್ಲಿ ಎಲೆ ಗುಡಿಸುತ್ತಿದ್ದಾರೆ, ಪೈಪು ಕಟ್ಟಿಕೊಳ್ಳಬಾರದೆಂದು. ರಘುರಾಮರು ಕೆಳಗಿನಿಂದ, "ಆ ಮೂಲೆ ಬಿಟ್ರಿ ನೋಡಿ!" ಎಂದು ಕೂಗುತ್ತಿದ್ದಾರೆ.

ಫೋನಿಗೆ ಬಂದರೆ ಪೈಪಿನ ಮಾತೆತ್ತಬೇಡ ಮಗಳೇ.

ನಿನ್ನ ಅಮ್ಮ,
ಜಯಲಕ್ಷ್ಮಿ

ತಾ.ಕ.: ನಿಖಿತಾ ಮತ್ತೆ ಬಂದಿದ್ದಳು. ಮಾತಿಲ್ಲದ ಎರಡು ಮನೆಗಳು ಒಂದಾದದ್ದೂ ಆ ಆಜ್ಞೆಯ ಫಲವೆಂದು ಬರೆಯಬಹುದೇ ಎಂದು ಕೇಳಿದಳು. ಹೂಂ ಎಂದೆ. ರಘುರಾಮರ ಹೆಂಡತಿ ಸುಮತಿಯೂ ನಾನೂ ಒಂದು ದಿನವೂ ಮಾತು ಬಿಟ್ಟವರಲ್ಲ ಎಂದು ಅವಳಿಗೆ ಹೇಳಲಿಲ್ಲ. ಆ ಬೆಳಿಗ್ಗೆ ನಿಮ್ಮಪ್ಪ ಶರಟಿನ ಗುಂಡಿ ಹಾಕಿಕೊಳ್ಳುವ ಮೊದಲೇ ಆ ಮನೆಯಲ್ಲಿ ಅವರ ಪಾಲಿನ ಕಾಫಿ ಸಿದ್ಧವಾಗಿತ್ತು.