ಯಾರೂ ಮುಟ್ಟದಿದ್ದಾಗ ಬರುವ ಫೋಟೋ

ಅತ್ತೆಯವರಿಗೆ,

ಮೊದಲೇ ಹೇಳಿಬಿಡುತ್ತೇನೆ, ಆ ಫೋಟೋ ಕಂಪ್ಯೂಟರಿನಿಂದ ತೆಗೆದಿಲ್ಲ. ತೆಗೆಯುವುದೂ ಇಲ್ಲ. ಕಾಗದದ ಶುರುವಿಗೆ ಎಲ್ಲರೂ ಕ್ಷೇಮ ಅಂತ ಬರೆಯಬೇಕು, ನನಗೂ ಗೊತ್ತು. ಆದರೆ ನಿಮ್ಮ ಕಡೆಯ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಉಳಿದರ್ಧ ಜನ ಬಿಡಲೋ ಬೇಡವೋ ಅಂತ ನೋಡುತ್ತಿದ್ದಾರೆ. ಇದರಲ್ಲಿ ಕ್ಷೇಮ ಅಂತ ಯಾವುದನ್ನು ಬರೆಯಲಿ? ಬೇರೆಯವರ ಬಾಯಿಂದ ನಿಮಗೆ ಸುದ್ದಿ ಮುಟ್ಟುವ ಮೊದಲು, ಅಲ್ಲಿಗೂ ಸುದ್ದಿ ಮುಟ್ಟುವುದಾದರೆ, ನಾನೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕಂಪ್ಯೂಟರ್ ಮನೆಗೆ ಬಂದ ದಿನ ನೆನಪಿದೆಯಾ? ಬಂಗಾರಪೇಟೆಯ ಪ್ರೆಸ್ಸಿನವರು ಲಗ್ನಪತ್ರಿಕೆಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಡಮ್ಮ ಅಂದಿದ್ದಕ್ಕೆ ನಿಮ್ಮ ಮಗ ಅದನ್ನು ನಿಮ್ಮ ಹಳೆಯ ಸೀರೆಯಲ್ಲಿ ಸುತ್ತಿ, ತನ್ನ ಆಟೋದಲ್ಲೇ ಆಂಡರ್ಸನ್‌ಪೇಟೆಗೆ ತಂದರು. ಅವತ್ತಿನಿಂದ ಹಜಾರದಲ್ಲಿ ನಮ್ಮಿಬ್ಬರದು ಎದುರುಬದುರು ಅಂಗಡಿ. ನಾನು ಕುರ್ಚಿಯ ಮೇಲೆ ಕೂತು ಯಾರದೋ ಮದುವೆಯ ಮುಹೂರ್ತ ಟೈಪ್ ಮಾಡುತ್ತಿದ್ದೆ, ನೀವು ಕೆಳಗೆ ಚಾಪೆಯ ಮೇಲೆ ಪಕ್ಕದ ಬೀದಿಯ ಸೆಲ್ವಿಯ ಹೂವಿನ ಅಂಗಡಿಗೆ ಕನಕಾಂಬರ ಕಟ್ಟುತ್ತಿದ್ದಿರಿ. ನಾನು ಒಲೆ ಕಡೆ ಹೋಗಿ ಬರುವಷ್ಟರಲ್ಲಿ ಪರದೆಯ ಮೇಲೆ ಬಣ್ಣಬಣ್ಣದ ರಿಬ್ಬನ್ನುಗಳು ತೇಲಾಡುತ್ತಿದ್ದವು. "ಯಾರೂ ಮುಟ್ದಿದ್ರೆ ಅದ್ರ ಪಾಡ್ಗೆ ಅದು ಆಡ್ಕೊಂತದಲ್ಲಮ್ಮಿ," ಅಂದಿರಿ. ಅದಕ್ಕೆ ಸ್ಕ್ರೀನ್‌ಸೇವರ್ ಅನ್ನುತ್ತಾರೆ ಅಂತ ಹೇಳಿಕೊಟ್ಟೆ. ಆ ಹೆಸರು ನಿಮ್ಮ ನಾಲಿಗೆಗೆ ಹತ್ತಲಿಲ್ಲ, ಕೊನೆಯವರೆಗೂ 'ಆಟ' ಅಂತಲೇ ಕರೆದಿರಿ.

"ಈ ಆಟ್ದಾಗೆ ನಮ್ಮ ಫೋಟೋ ಬರಲ್ವಾ?" ಅಂತ ಕೇಳಿದ್ದೂ ನೀವೇ. ಬರುತ್ತದೆ ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಸೆಟ್ಟಿಂಗ್ಸ್ ಹುಡುಕಿ, ರಿಬ್ಬನ್ನು ತೆಗೆದು, ಮನೆಯ ಫೋಟೋಗಳೆಲ್ಲ ಇದ್ದ ಫೋಲ್ಡರನ್ನು ತೋರಿಸಿ, ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಒಂದೊಂದಾಗಿ ಬರಲಿ ಅಂತ ಇಟ್ಟೆ. ನಮ್ಮ ಮದುವೆ ಬಂತು, ಮಗಳ ನಾಮಕರಣ ಬಂತು, ಬೀದಿಯ ಯಾರದೋ ಗೃಹಪ್ರವೇಶ ಬಂತು. ನೀವು ಹೂವು ಕಟ್ಟುವುದನ್ನು ನಿಲ್ಲಿಸಿ ನೋಡಿದಿರಿ. ಆಮೇಲೆ, "ಎಲ್ಲಾದ್ರಾಗೂ ನಾನು ಅಂಚ್ನಾಗೇ ಇದ್ದೀನಲ್ಲಮ್ಮಿ," ಅಂದಿರಿ. ನಿಜವೇ ಆಗಿತ್ತು. ಒಂದರಲ್ಲಿ ನಿಮ್ಮ ಅರ್ಧ ಮುಖ, ಇನ್ನೊಂದರಲ್ಲಿ ಬರೀ ಭುಜ. ಫೋಟೋ ತೆಗೆಯುವವನು ಬಂದ ಕೂಡಲೇ ಯಾರೂ ಹೇಳದೆ ನೀವೇ ಹಿಂದಕ್ಕೆ ಸರಿಯುತ್ತಿದ್ದಿರಿ. ಮಾವ ಗಣಿಯಲ್ಲಿ ತೀರಿಕೊಂಡಾಗ ನಿಮಗೆ ಈಗಿನ ನನ್ನ ವಯಸ್ಸೂ ಇರಲಿಲ್ಲ. ಅವತ್ತು ಸರಿಯಲು ಕಲಿತವರು, ಸರಿಯುತ್ತಲೇ ಇದ್ದಿರಿ.

ಅದಾದ ಮಾರನೆಯ ಮಧ್ಯಾಹ್ನ ನೀವು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ. "ಇದು ಯಾರೂ ಇಲ್ದಾಗ ಮಾತ್ರ ಬತ್ತದಲ್ಲಾ?" ಹೌದು ಅಂದೆ. "ಯಾರಾನ ಬಂದು ಮುಟ್ಟಿದ್ರೆ ಒಂಟೋಗ್ತದಲ್ಲಾ?" ಅದಕ್ಕೂ ಹೌದು ಅಂದೆ. ನೀವು ಎದ್ದು ಬಾಗಿಲ ಚಿಲಕ ಹಾಕಿದಿರಿ. ಮಡಿಲಲ್ಲಿದ್ದ ಮಾಲೆಯಲ್ಲಿ ಒಂದು ಮೊಳ ಕತ್ತರಿಸಿ ನನ್ನ ಕೈಗೆ ಕೊಟ್ಟು, ನನಗೆ ಬೆನ್ನು ಮಾಡಿ ಕೂತಿರಿ. "ಕಟ್ಟೋದು ನಾನು, ಮುಡಿಯೋದು ಊರು. ಒಂದ್ ದಪ ಇಕ್ಕು, ನೋಡಾನ," ಅಂದಿರಿ. ಹೂವು ಮುಡಿಸಿ, ಹಣೆಗೆ ಕುಂಕುಮ ಇಟ್ಟು, ನನ್ನ ಹಸಿರು ಬಳೆಗಳನ್ನು ನಿಮ್ಮ ಕೈಗೆ ಏರಿಸಿ ಫೋನಿನಲ್ಲಿ ಫೋಟೋ ತೆಗೆದೆ. ಅದನ್ನು ನೋಡಿ, "ಯಾರಮ್ಮಿ ಇವ್ಳು?" ಅಂತ ನಕ್ಕಿರಿ. ಆಮೇಲೆ, "ಅವ್ರು ಒಂದ್ ದಪ ನೋಡಿದ್ದಿದ್ರೆ…" ಅಂದವರು ಅಲ್ಲಿಗೇ ಬಿಟ್ಟು ಬಳೆ ಬಿಚ್ಚಿಕೊಟ್ಟಿರಿ.

ಆ ಮೇಲಿನ ದಿನಗಳನ್ನು ನೆನೆಸಿಕೊಂಡರೆ ನನಗೆ ನಗು ತಡೆಯಲಾಗುವುದಿಲ್ಲ. ಉಳಿದ ಫೋಟೋಗಳನ್ನೆಲ್ಲ ತೆಗೆಸಿ ಅದೊಂದನ್ನೇ ಇಡಿಸಿದಿರಿ. ನಾನು ಕೆಲಸದಲ್ಲಿದ್ದರೆ, "ಎದ್ದೇಳಮ್ಮಿ, ಅದಕ್ಕೂ ಒಸಿ ಬಿಡುವು ಕೊಡು," ಅಂತ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದಿರಿ. ಬಾಗಿಲಲ್ಲಿ ಯಾರದಾದರೂ ಚಪ್ಪಲಿ ಸದ್ದಾದರೆ ಕೂತಲ್ಲಿಂದಲೇ ಮೇಜಿನ ಕಾಲಿಗೆ ಒಂದು ಒದೆ. ಮೇಜು ಅಲುಗಿ, ಮೌಸ್ ಜರುಗಿ, ಹೂವು ಮುಡಿದವಳು ಮಾಯವಾಗಿ ಯಾರದೋ ಲಗ್ನಪತ್ರಿಕೆ ಬರುತ್ತಿತ್ತು. ಬಂದವರ ಮುಂದೆ ಏನೂ ಆಗದವರ ಹಾಗೆ ದಾರ ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿರುತ್ತಿದ್ದಿರಿ. ನಿಮ್ಮ ಮಗನಿಗೂ ಒಂದು ದಿನವೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ನಿಮ್ಮ ತಿಥಿಯ ದಿನ. ಗೋಡೆಗೆ ಸ್ಟುಡಿಯೋದವರು ಮಾಡಿಕೊಟ್ಟ ದೊಡ್ಡ ಫೋಟೋ ಹಾಕಿದ್ದೆವು, ಅದೇ ಗುರುತಿನ ಚೀಟಿಯ ಮುಖ, ಹಿಂದೆ ನೀಲಿ ಆಕಾಶ. ಹಜಾರದ ತುಂಬ ನೆಂಟರು. ಯಾರೋ ಭಜನೆ ಹಾಕಿ ಅಂದರು, ನಿಮ್ಮ ಮಗ ಕಂಪ್ಯೂಟರಿನಲ್ಲಿ ಹಾಕಿ ಅಡುಗೆಯವರ ಕಡೆ ಹೋದರು. ಭಜನೆ ನಡೆಯುತ್ತಿತ್ತು, ಮೌಸನ್ನು ಯಾರೂ ಮುಟ್ಟಲಿಲ್ಲ. ನಾನು ಎಲೆ ಒರೆಸುತ್ತಿದ್ದವಳು ತಲೆ ಎತ್ತುವಷ್ಟರಲ್ಲಿ ನೀವು ಬಂದುಬಿಟ್ಟಿದ್ದಿರಿ. ತಲೆ ತುಂಬ ಕನಕಾಂಬರ, ಕಾಸಗಲ ಕುಂಕುಮ, ಬಾಯಿ ತುಂಬ ನಗು. ನೆಂಟರೆಲ್ಲ ಅತ್ತ ತಿರುಗಿದರು. ಬಾಗಿಲಲ್ಲಿದ್ದ ಸೆಲ್ವಿ, "ಅಯ್ಯೋ, ಎವ್ವಳವು ಅಳಗು! ನಮ್ ಅಂಗಡಿ ಊವು," ಅಂದಳು. ಎಷ್ಟು ಚೆಂದ ಅಂದದ್ದು ತಮಿಳು ಬಾರದವರಿಗೂ ಅರ್ಥವಾಯಿತು.

ಮುನಿಯಮ್ಮತ್ತೆ ಎದ್ದರು. ಮಾವನ ಅಕ್ಕ, ಮಾವ ಹೋದಾಗ ಉರಿಗಾಂ ಗಣಿ ಲೈನಿನ ಮನೆಯಲ್ಲಿ ನಿಮ್ಮ ಬಳೆಗಳನ್ನು ಕಲ್ಲಿಗೆ ಕುಟ್ಟಿದ್ದು ಅವರೇ ಅಂತ ನೀವೇ ನನಗೆ ಹೇಳಿದ್ದಿರಿ. "ಇದೇನೇ ಇದು, ಮುಂಡೆ ಮುಡ್ಯಾಗೆ ಊವಾ? ಸತ್ತೋಳ ಮಾನ ಕಳೀತೀಯೇನೇ?" ಅಂತ ಟವೆಲ್ ತೆಗೆದು ಪರದೆಯ ಮೇಲೆ ಹಾಕಿದರು. ಟವೆಲ್ಲಿನ ಒಳಗೆ ಭಜನೆ ನಡೆದೇ ಇತ್ತು. ಯಾರೋ ಬುದ್ಧಿವಂತರು ಮೌಸ್ ಅಲ್ಲಾಡಿಸಿದರು, ಫೋಟೋ ಹೋಯಿತು, ಎಲ್ಲರೂ ಉಸಿರು ಬಿಟ್ಟರು, ಟವೆಲ್ ತೆಗೆದರು. ಎಲೆ ಹಾಕಿ ಬಡಿಸಿ, ಜನ ತುತ್ತು ಎತ್ತುವ ಹೊತ್ತಿಗೆ ನೀವು ಮತ್ತೆ ಬಂದಿರಿ. ಅದು ಹೋಗುವುದು ಬರುವುದಕ್ಕೇ ಅಂತ ಅವರಿಗೇನು ಗೊತ್ತು?

ನಿಮ್ಮ ಮಗ ಪ್ಲಗ್ ಕೀಳಲು ಬಂದರು. ನಾನು ಸ್ವಿಚ್ಚಿನ ಮುಂದೆ ಹೋಗಿ ನಿಂತೆ. "ತೆಗ್ಯಲ್ಲ. ಅವ್ರೇ ಮುಡ್ಕೊಂಡಿದ್ದು, ಅವ್ರೇ ಇಕ್ಸಿದ್ದು," ಅಂದೆ, ಮುನಿಯಮ್ಮತ್ತೆಗೆ ಕೇಳುವ ಹಾಗೆ. "ಅವ್ಳು ಅಂಥೋಳಲ್ಲ, ನೀನೇ ಕುಣ್ಸಿದ್ದೀಯ," ಅಂದರು. ನಾನು ಜಾಗ ಬಿಡಲಿಲ್ಲ. ಅವರು ಎಲೆ ಬಿಟ್ಟು ಎದ್ದರು, ಅವರ ಹಿಂದೆ ಮತ್ತೆ ಕೆಲವರು ಎದ್ದರು. ತಿಥಿಯ ಊಟ ಬಿಟ್ಟು ಎದ್ದರೆ ಎಂಥ ಮಾತು ಬರುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಹೋಗುತ್ತ ಬಾಗಿಲಲ್ಲಿ, "ಆ ಮೂರ್ತಿ ಅಲ್ಲಿರೋ ಗಂಟ ಈ ಮನೇಲಿ ಯಾವ ಮುತ್ತೈದೇನೂ ಕುಂಕುಮ ತಗೊಳಾಕಿಲ್ಲ," ಅಂದು ಹೋದರು.

ಹೇಳಿದಂತೆಯೇ ಮಾಡಿದರು. ಗೌರಿ ಹಬ್ಬಕ್ಕೆ ಬಾಗಿನ ಜೋಡಿಸಿ ಕೂತೆ, ನಿಮ್ಮ ಕಡೆಯವರು ಒಬ್ಬರೂ ಬರಲಿಲ್ಲ. ಸೆಲ್ವಿ ಬಂದಳು, ಎದುರು ಮನೆಯವರು ಬಂದರು, ಅಷ್ಟೇ. ಮುಂದೆ ಮಗಳು ದೊಡ್ಡವಳಾಗಿ ಆರತಿ ಅಂತ ಆದರೆ ಅವಳನ್ನು ಕೂರಿಸಿ ಆರತಿ ಎತ್ತಲು ಸೋದರತ್ತೆಯರು ಬೇಡವೇ, ಅಂತ ನಿಮ್ಮ ಮಗ ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದರು. "ಒಂದ್ ವರ್ಸ ಬೇರೆ ಏನಾನ ಇಕ್ಕು ಸುಜಾತಾ, ಆಮೇಲೆ ನಿನ್ನಿಷ್ಟ," ಅಂದರು. ಒಂದು ವರ್ಷ ಅಂತ ಹಿಂದಕ್ಕೆ ಸರಿದರೆ ಆಮೇಲೆ ವಾಪಸು ಬರಲು ಯಾರು ಬಿಡುತ್ತಾರೆ? ನೀವು ಬಂದಿರಾ? ನನಗೆ ಭಯವಾಗಲಿಲ್ಲ ಅಂದರೆ ಸುಳ್ಳು. ಹಬ್ಬದ ದಿನ ಅಡುಗೆಮನೆಯಲ್ಲಿ ಅತ್ತುಬಿಟ್ಟೆ, ಸಿಟ್ಟಿಗೂ ಅವಮಾನಕ್ಕೂ. ಕಣ್ಣು ಒರೆಸಿಕೊಂಡು ಬಂದು ನೋಡಿದರೆ ನೀವು ಹಜಾರದಲ್ಲಿ ನಗುತ್ತಿದ್ದಿರಿ.

ಒಂದು ಮಾತು ಮಾತ್ರ ನನ್ನನ್ನು ಕೊರೆಯಿತು, ಅದನ್ನು ನಿಮ್ಮಲ್ಲೇ ಕೇಳಬೇಕು. ಯಾರೂ ನೋಡಬಾರದು ಅಂತಲ್ಲವೇ ನೀವು ಆ ಫೋಟೋಗೆ ಆ ಜಾಗ ಹುಡುಕಿದ್ದು? ಮೇಜಿಗೆ ಒದ್ದು ಒದ್ದು ಕಾಪಾಡಿಕೊಂಡದ್ದನ್ನು ನಾನು ಊರಿಗೆಲ್ಲ ತೋರಿಸುತ್ತಿದ್ದೇನೆಯೇ? ಎಷ್ಟೋ ದಿನ ಯೋಚಿಸಿದೆ. ನನಗೆ ತಿಳಿದ ಉತ್ತರ ಇಷ್ಟು. ಹೂವು ನಿಮಗೆ ಬೇಕಿತ್ತು, ಬಚ್ಚಿಡುವುದು ಅವರಿಗೆ ಬೇಕಿತ್ತು. ನಿಮಗೆ ಬೇಕಾದದ್ದನ್ನು ಇಟ್ಟುಕೊಂಡಿದ್ದೇನೆ, ಅವರಿಗೆ ಬೇಕಾದದ್ದನ್ನು ಬಿಟ್ಟಿದ್ದೇನೆ. ತಪ್ಪಾಗಿದ್ದರೆ ಕನಸಿನಲ್ಲಿ ಬಂದು ಬೈಯಿರಿ. ಇಲ್ಲಿಯವರೆಗೆ ಬಂದಿಲ್ಲ, ಆದ್ದರಿಂದ ಒಪ್ಪಿಗೆ ಅಂತಲೇ ತಿಳಿದಿದ್ದೇನೆ.

ಇನ್ನೂ ಎರಡು ಕೆಲಸ ಮಾಡಿದೆ. ಗೋಡೆಯ ಕಡೆ ಮುಖ ಮಾಡಿದ್ದ ಮೇಜನ್ನು ಎಳೆದು ಬಾಗಿಲ ಕಡೆ ತಿರುಗಿಸಿದೆ. ಹತ್ತು ನಿಮಿಷ ಕಾಯುತ್ತಿದ್ದದ್ದನ್ನು ಒಂದು ನಿಮಿಷಕ್ಕೆ ಇಳಿಸಿದೆ. ಟೈಪ್ ಮಾಡುವಾಗ ತಿದ್ದುಪಡಿ ಯೋಚಿಸುತ್ತ ಒಂದು ಗಳಿಗೆ ಕೈ ಕಟ್ಟಿ ಕೂತರೂ ಸಾಕು, ಮುಹೂರ್ತ, ವಧುವರರು, ಸುಖಾಗಮನ ಎಲ್ಲ ಹೋಗಿ ನೀವು ಬರುತ್ತೀರಿ. ಕೆಲಸಕ್ಕೆ ಅಡ್ಡಿಯೇ ಆಗುತ್ತದೆ. ಪತ್ರಿಕೆ ತಿದ್ದಿಸಲು ಬಂದವರು, ಯಾರಮ್ಮ ಇವರು ಅಂತ ಕೇಳುತ್ತಾರೆ. ನಮ್ಮತ್ತೆ ಅನ್ನುತ್ತೇನೆ. ಯಜಮಾನರು ಇದ್ದಾಗ ತೆಗೆಸಿದ್ದಾ ಅಂತ ಕೇಳುತ್ತಾರೆ. ಅಲ್ಲ, ಹೋಗಿ ಎಷ್ಟೋ ವರ್ಷದ ಮೇಲೆ, ಅನ್ನುತ್ತೇನೆ. ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಇನ್ನೊಂದು ಸಲ ತಲೆ ಎತ್ತಿ ನೋಡುತ್ತಾರೆ.

ಹೋದ ವಾರ ನಿಮ್ಮ ಮಗ ಮಧ್ಯಾಹ್ನದ ಹೊತ್ತಿಗೆ ಆಟೋ ನಿಲ್ಲಿಸಿ ಊಟಕ್ಕೆ ಬಂದರು. ನಾನು ಮುದ್ದೆ ತಿರುವುತ್ತಿದ್ದೆ. ಸದ್ದಿಲ್ಲವಲ್ಲ ಅಂತ ಇಣುಕಿದರೆ ನನ್ನ ಕುರ್ಚಿಯಲ್ಲಿ ಕೂತು ನಿಮ್ಮನ್ನೇ ನೋಡುತ್ತಿದ್ದರು, ಮೌಸಿನಿಂದ ಕೈ ದೂರ ಇಟ್ಟುಕೊಂಡು. "ಅಮ್ಮ ಊವ ಮುಡ್ದಿದ್ದು ನನಗೆ ಗ್ಯಾನವೇ ಇಲ್ಲ ಸುಜಾತಾ. ನನಗೆ ಬುದ್ಧಿ ಬರೋ ಒತ್ಗೆ ಅವ್ಳು ಬೋಳು ಅಣೇಲೇ ಇದ್ಲು," ಅಂದರು. ಇಷ್ಟು ದಿನ ನನ್ನ ಒಳಗಿದ್ದದ್ದನ್ನು ಅಲ್ಲೇ ಹೇಳಿಬಿಟ್ಟೆ. ಇಂಥ ಮಾತನ್ನು ಯಾವ ಹೆಂಡತಿಯೂ ಗಂಡನ ಮುಖದ ಮೇಲೆ ಆಡಬಾರದಂತೆ, ನಾನು ಆಡಿದೆ.

"ನೂರು ವರ್ಸ ಬದುಕಿ, ಬ್ಯಾಡ ಅನ್ನಲ್ಲ. ಆದ್ರೆ ನೀವು ನನಗಿಂತ ಮುಂದೆ ಓಗ್ಬುಟ್ರೂ ನಾನು ಬಳೆ ತೆಗ್ಯಲ್ಲ, ಊವ ಬಿಡಲ್ಲ. ಈಗ್ಲೇ ಅಂದಿರ್ತೀನಿ," ಅಂದೆ. ಅವರು ಕೈ ತೊಳೆದು ಬಂದು ತಟ್ಟೆ ಮುಂದೆ ಕೂತ ಮೇಲೆ, "ಆಗ್ಲಿ ಬಿಡು. ಯಾರಾನ ಕೇಳಿದ್ರೆ ನನ್ ಗಂಡನೇ ಮುಡ್ಕೋ ಅಂದಿದ್ದ ಅನ್ನು, ಸುಮ್ನಾಗ್ತಾರೆ," ಅಂದರು.

ನಿಮ್ಮ ಮಗ ಒಳ್ಳೆಯವರು ಅತ್ತೆ, ಮನಸ್ಸಿನಿಂದಲೇ ಅಂದರು. ಆದರೂ ಬೇಡ ಅಂದೆ. ಕೇಳಿದವರಿಗೆ, ನನಗೆ ಬೇಕಿತ್ತು, ಮುಡಿದುಕೊಂಡೆ ಅಂತಲೇ ಹೇಳುತ್ತೇನೆ.

ನಿಮ್ಮ ಸೊಸೆ,
ಸುಜಾತ