ಜೆಲ್ ಹಚ್ಚಿದ ಮೊದಲ ಸಂಜೆ

ನವೆಂಬರ್ ೧೪, ಗುರುವಾರ. ಥಂಡರ್ ಬೇ.

ಇವತ್ತೂ ಅಂಟುಪಟ್ಟಿ ಬರಲಿಲ್ಲ. ಋತುಬಂಧದ ಬೆಂಕಿ, ಬೆವರುಗಳನ್ನು ಮೂರು ವರ್ಷ ನನ್ನ ಸೊಂಟಕ್ಕೆ ಅಂಟಿಕೊಂಡೇ ತಡೆದಿದ್ದ ಆ ಹಾರ್ಮೋನ್ ಪಟ್ಟಿ ಈಗ ಎಲ್ಲೂ ಸಿಗುತ್ತಿಲ್ಲವಂತೆ. ಡಾಕ್ಟರು ಬದಲಿಗೆ ಬರೆದ ಜೆಲ್ಲನ್ನು ಔಷಧಿ ಅಂಗಡಿಯ ಬೋಡನ್ ಕೊಟ್ಟ.

"ತೋಳಿಗೆ ಹಚ್ಕೊಳ್ಳಿ. ಒಂದು ಗಂಟೆ ಆ ಜಾಗ ಬೇರೆಯವರ ಮೈಗೆ ತಾಗಬಾರದು. ಮೊಮ್ಮಕ್ಕಳನ್ನ ಎತ್ಕೊಂಡುಬಿಟ್ಟೀರಿ."

"ಈ ವರ್ಷ ನನ್ನನ್ನ ಮುಟ್ಟಿದವನು ಹಲ್ಲಿನ ಡಾಕ್ಟ್ರು ಒಬ್ಬನೇ ಕಣಯ್ಯ," ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗಿಸುವುದು ನನಗೆ ಬರುತ್ತದೆ.

ಸಂಜೆ ಆರಕ್ಕೆ ಹಚ್ಚಿಕೊಂಡು, ತೋಳಿಲ್ಲದ ಅಂಗಿಯಲ್ಲಿ, ಕೈಯನ್ನು ಮೈಯಿಂದ ದೂರ ಹಿಡಿದು, ಗಾಯಗೊಂಡ ಸೇನಾಧಿಪತಿಯಂತೆ ಕುಳಿತಿದ್ದೆ. ಆರೂಕಾಲಿಗೆ ಬಾಗಿಲು ಬಡಿದ ಸದ್ದು. ತೆರೆದರೆ ಐಲಾ! ನಮ್ಮ ನಾಟಕ ತಂಡದ ಐಲಾ, ಸೆಪ್ಟೆಂಬರಿನ ಜಗಳದಿಂದ ನನ್ನೊಡನೆ ಮಾತು ಬಿಟ್ಟವಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಏಲಕ್ಕಿ ಬ್ರೆಡ್.

"ಸಾಕು ಕಣೆ ಈ ಠೇಂಕಾರ. ಬಾ ಇಲ್ಲಿ," ಎಂದು ತಬ್ಬಿಕೊಳ್ಳಲು ಬಂದಳು.

"ದೂರ ನಿಲ್ಲು! ಮುಟ್ಟಬೇಡ ನನ್ನ!"

ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುವ ಗಂಟಲು ನನ್ನದು. ಇಡೀ ಬೀದಿಗೆ ಕೇಳಿಸಿರಬೇಕು.

ಐಲಾ ಬ್ರೆಡ್ಡನ್ನು ಮೆಟ್ಟಿಲ ಮೇಲಿಟ್ಟಳು. "ಸರಿ ಬಿಡು. ಹಂಗೇ ಇರು." ನಾನು ಜೆಲ್, ಜೆಲ್ ಎಂದು ಕೂಗುವಷ್ಟರಲ್ಲಿ ಕಾರು ತಿರುವು ದಾಟಿತ್ತು. ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಡಬ್ಬಿಯೊಳಗಿನ ಕಾಗದವನ್ನು ಈಗ ಓದಿದೆ. ಜೆಲ್ ಐದು ನಿಮಿಷಕ್ಕೆ ಒಣಗುತ್ತದಂತೆ. ಆಮೇಲೆ ಬಟ್ಟೆಯಿಂದ ಮುಚ್ಚಿಕೊಂಡರೆ ಯಾರನ್ನು ಬೇಕಾದರೂ ತಬ್ಬಬಹುದಂತೆ.

ಸ್ವೆಟರ್ ಕುರ್ಚಿಯ ಬೆನ್ನಿನ ಮೇಲೇ ಇತ್ತು.